ಮೂಲೆಯ ಕಟ್ಟಿಗೆ

ಕರಾವಳಿಯ ಅವರ್ಸಾದ ನಮ್ಮ ಕಟ್ಟಿಗೆ ಡಿಪೋದ ಕೀಲಿಕೈ ತೆಗೆದುಕೊಳ್ಳುವ ಮೊದಲು, ಇನ್ನು ಮುಂದೆ ಅದನ್ನು ನಡೆಸಲಿರುವ ಸುಮಿತ್ರಾ ನನ್ನನ್ನು ಎರಡು ಪ್ರಶ್ನೆ ಕೇಳಿದಳು. ಚೆನ್ನಾಗಿ ಉರಿಯುವ ಕಟ್ಟಿಗೆಯನ್ನು ಗುರುತು ಹಿಡಿಯುವುದು ಹೇಗೆ ಎಂಬುದು ಮೊದಲನೆಯದು. ಹೆಂಚಿನ ಮಾಡಿನ ಕೆಳಗೆ, ಪೂರ್ವದ ಮೂಲೆಯಲ್ಲಿ ಒಟ್ಟಿಟ್ಟ ಕಟ್ಟಿಗೆಯನ್ನು ಯಾಕೆ ಮಾರುವುದಿಲ್ಲ ಎಂಬುದು ಎರಡನೆಯದು. ಮೊದಲನೆಯದಕ್ಕೆ ಅಂಗಳದಲ್ಲಿ ನಿಂತೇ ಉತ್ತರಿಸಿದೆ. ಎರಡನೆಯದಕ್ಕೆ ಬಾಯಿಮಾತಿನಲ್ಲಿ ಉತ್ತರಿಸಲು ನನ್ನಿಂದ ಆಗಲಿಲ್ಲ. ಬರೆದು ಕೊಡುತ್ತೇನೆ ಎಂದೆ.

ಮೂವತ್ತೆರಡನೆಯ ವಯಸ್ಸಿನಲ್ಲಿ ನಿವೃತ್ತಿ ಎಂಬ ಮಾತು ದೊಡ್ಡದಾಯಿತು. ಆದರೂ ಎಂಟು ಮಳೆಗಾಲ ಮಾಡಿದ ಕೆಲಸವನ್ನು ಬಿಡುತ್ತಿದ್ದೇನೆ. ಇದಕ್ಕೆ ಬೇರೆ ಪದ ನನಗೆ ಸಿಕ್ಕಿಲ್ಲ. ಯಾಕೆ ಬಿಡುತ್ತಿದ್ದೇನೆ ಎಂಬುದು ನನ್ನ ಸ್ವಂತದ್ದು. ಡಿಪೋ ಎಷ್ಟು ಬೆಳೆಯಿತು ಎಂಬುದನ್ನೂ ಬರೆಯುವುದಿಲ್ಲ, ಹೆಚ್ಚೇನೂ ಬೆಳೆಯಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಬೇಕಾದದ್ದು ನಾನು ಮಾಡಿದ ತಪ್ಪುಗಳು, ಮತ್ತು ಅವುಗಳನ್ನು ತಿದ್ದಿದವರು.

ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದ ವರ್ಷ, ಭಾದ್ರಪದದ ಮಳೆಯಲ್ಲಿ, ಅಪ್ಪ ತೀರಿಕೊಂಡರು. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಬೇಸಿಗೆಯ ಹೊತ್ತಿಗೆ ಪರೀಕ್ಷೆ ಮುಗಿಸಿ ಬಂದೆ. ಅಮ್ಮ ಕೀಲಿಕೈ ಕೈಗಿಟ್ಟರು. ಡಿಪೋ ಜೊತೆಗೆ ಬೊಮ್ಮಯ್ಯನೂ ನನ್ನ ಪಾಲಿಗೆ ಬಂದರು. ಒಳನಾಡಿನ ಹಿಲ್ಲೂರಿನವರು, ಆಗ ಅರವತ್ತರ ಹತ್ತಿರ. ಅಪ್ಪನ ಕಾಲದಿಂದಲೂ ನಮ್ಮಲ್ಲಿ ಕಟ್ಟಿಗೆ ಸೀಳುತ್ತಿದ್ದರು. ವಾರವೆಲ್ಲ ಇಲ್ಲೇ ಇದ್ದು, ಗದ್ದೆ ಕೆಲಸದ ಕಾಲಕ್ಕೆ ಮಾತ್ರ ಊರಿಗೆ ಹೋಗುತ್ತಿದ್ದರು. ಓದಿದವಳೆಂದು ನನ್ನನ್ನು ಶಾಲೆಯ ಟೀಚರಿಗೆ ಕರೆಯುವಂತೆ ‘ಅಕ್ಕೋರೇ’ ಎಂದು ಕರೆದರು. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಮೊದಲ ದಿನ ಒಂದು ತುಂಡನ್ನು ಎತ್ತಿ ನನ್ನೆದುರು ಹಿಡಿದರು.

“ಇದು ಯಾವ ಮರ ಹೇಳಿ, ಅಕ್ಕೋರೇ?”

ನಾನು ತಿರುಗಿಸಿ ತಿರುಗಿಸಿ ನೋಡಿದೆ.

“ಎಲೆ ಹುಡುಕ್ತೀರಾ? ಎಲೆ ಹಿಲ್ಲೂರಲ್ಲೇ ಬಿಟ್ಟು ಬಂತು ಅದು. ಹೂವು, ಕಾಯಿ ಎಲ್ಲಾ ಅಲ್ಲೇ. ಇಲ್ಲಿಗೆ ಬರೂದು ಬರೀ ಮೈ.”

ಅದು ಮತ್ತಿ. ಮತ್ತಿಯ ಹೂವಿನ ಚಿತ್ರವನ್ನು ನಾನು ಜರ್ನಲ್ಲಿನಲ್ಲಿ ಬಿಡಿಸಿದ್ದೆ. ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಆದರೆ ಮೊಸಳೆಯ ಬೆನ್ನಿನಂತೆ ಒಡೆದ ಆ ತೊಗಟೆಯನ್ನು ಕೈಯಿಂದ ಮುಟ್ಟಿರಲಿಲ್ಲ. ಆ ಬೇಸಿಗೆ ಪೂರ್ತಿ ನಾನು ತೊಗಟೆ, ಕೊರೆದ ತುದಿ, ವಾಸನೆ, ತೂಕ ಇಷ್ಟರಿಂದಲೇ ಮರಗಳನ್ನು ಮತ್ತೆ ಕಲಿತೆ. ಗಾಳಿಮರ, ಅಂದರೆ ಸರ್ವೆ, ಹಸಿಯಿದ್ದರೂ ಹತ್ತಿಕೊಳ್ಳುತ್ತದೆ, ಚುರುಕಾಗಿ ಉರಿಯುತ್ತದೆ. ಆದರೆ ನಿಧಾನವಾಗಿ ಬೇಯಬೇಕಾದ ಅಡುಗೆಗೆ ಅದರ ಬೆಂಕಿ ಬಲು ಜೋರು. ಮತ್ತಿ, ಜಂಬೆ ಹೊತ್ತಿಕೊಳ್ಳಲು ಸತಾಯಿಸುತ್ತವೆ. ಹೊತ್ತಿದ ಮೇಲೆ ಕೆಂಡ ಗಟ್ಟಿ, ಗಂಟೆಗಟ್ಟಲೆ ನಿಲ್ಲುತ್ತದೆ. ಗೇರು ಚಟಚಟ ಸಿಡಿಯುತ್ತದೆ, ಸೀರೆಯ ಸೆರಗಿನ ಹತ್ತಿರ ಬೇಡ. ಬೂರುಗ ನೋಡಲು ದಪ್ಪ, ಒಲೆಯಲ್ಲಿ ಕಾಗದ. ಮಳೆಗಾಲದಲ್ಲಿ ಕಡಲು ದಡಕ್ಕೆಸೆಯುವ ದಿಮ್ಮಿಗಳನ್ನು ಕೆಲವರು ಅಗ್ಗಕ್ಕೆ ತಂದುಕೊಡುತ್ತಾರೆ. ಅದು ಒಣಗಿದ ಮೇಲೂ ಅದರೊಳಗೆ ಉಪ್ಪು ಉಳಿದಿರುತ್ತದೆ. ಪಾತ್ರೆಯ ತಳ ತಿನ್ನುತ್ತದೆ. ನಾನು ಒಮ್ಮೆ ತೆಗೆದುಕೊಂಡೆ, ಎರಡನೆಯ ಸಲ ತೆಗೆದುಕೊಳ್ಳಲಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಪಾಠವನ್ನು ಬೊಮ್ಮಯ್ಯ ಕೈಯಲ್ಲಿ ಎರಡು ತುಂಡು ಹಿಡಿದು ಕಲಿಸಿದರು. ಒಂದಕ್ಕೆ ಬಿಂದಿಗೆಯಿಂದ ನೀರು ಹೊಯ್ದು ಒದ್ದೆ ಮಾಡಿದ್ದರು. ಇನ್ನೊಂದು ಮುಟ್ಟಿದರೆ ಒಣ.

“ಒಲೆಗೆ ಯಾವ್ದು ಹಾಕ್ತೀರಿ?”

ನಾನು ಒಣಗಿದ್ದನ್ನು ತೋರಿಸಿದೆ. ಅವರು ಎರಡನ್ನೂ ಸೀಳಿದರು. ನೀರು ಹೊಯ್ದದ್ದರ ಒಳಗೆ ಬಿಸ್ಕತ್ತಿನ ಹಾಗೆ ಒಣಕಲು. ನಾನು ತೋರಿಸಿದ್ದರ ಒಳಗೆ ಕೈ ಇಟ್ಟರೆ ತಂಪು.

“ಹಸಿ ಬೇರೆ, ಒದ್ದೆ ಬೇರೆ. ಒದ್ದೆ ಆದದ್ದು ಮೇಲಿಂದ ಬಂದ ನೀರು. ಅರ್ಧ ಬೆರಳು ಕೆತ್ತಿದ್ರೆ ಹೋತದೆ. ಹಸಿ ಅಂದ್ರೆ ಮರ ಕುಡ್ದ ನೀರು. ಅದು ಹೋಗೂಕೆ ಒಂದು ಬೇಸಿಗೆ ಬೇಕು.”

ಆಮೇಲೆ ಪರೀಕ್ಷೆಗಳನ್ನು ಹೇಳಿಕೊಟ್ಟರು. ಒಣಗಿದ ಕಟ್ಟಿಗೆಯ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕುಗಳು ಓಡಿರುತ್ತವೆ. ತೊಗಟೆ ಸಡಿಲ ಬಿಟ್ಟಿರುತ್ತದೆ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಒಣಗಿದ್ದು ಠಣ್ ಎನ್ನುತ್ತದೆ, ಹಸಿಯದ್ದು ದೊಪ್ ಎನ್ನುತ್ತದೆ. ಸಂಶಯವಿದ್ದರೆ ಸೀಳಿ, ಒಳಮೈಯನ್ನು ಕೆನ್ನೆಗೆ ಒತ್ತಿಕೊಳ್ಳಬೇಕು; ಹಸಿಯಿದ್ದರೆ ತಣ್ಣಗೆ ಹತ್ತುತ್ತದೆ. ಗಿರಾಕಿಗಳೆದುರು ಕಟ್ಟಿಗೆಯನ್ನು ಕೆನ್ನೆಗೆ ಹಿಡಿಯಲು ನನಗೆ ಸಂಕೋಚವಾಗುತ್ತಿತ್ತು. ಹೆದ್ದಾರಿಯ ಕಡೆಗೆ ಬೆನ್ನು ಹಾಕಿ ನಿಂತು ಮಾಡುತ್ತಿದ್ದೆ.

ಇನ್ನು ಮೊದಲ ತಪ್ಪು. ನಮ್ಮ ಅತಿ ದೊಡ್ಡ ಗಿರಾಕಿ ಅಂತೋನ್‌ಬಾಬ್, ಊರಿಗೆ ಪಾಂವ್ ಎಂಬ ಬನ್ನು ಸುಡುವ ಬೇಕರಿಯವರು. ಅವರ ಭಟ್ಟಿಗೆ ವರ್ಷವಿಡೀ ನಮ್ಮ ಕಟ್ಟಿಗೆ. ಹೆಂಗಸರನ್ನು ಕರೆಯುವ ಇಲ್ಲಿನ ರೂಢಿಯಂತೆ ನನ್ನನ್ನು ‘ಬಾಯಿ’ ಎನ್ನುತ್ತಿದ್ದರು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಬೊಮ್ಮಯ್ಯ ಊಟಕ್ಕೆ ಹೋಗಿದ್ದಾಗ, ಲಾರಿಯೊಂದು ಲೋಡು ಹೊತ್ತು ಬಂತು. ಅರಣ್ಯ ಇಲಾಖೆಯ ಪಾಸು ಸರಿಯಿತ್ತು. ಕಟ್ಟಿಗೆ ಒಣಗಿತ್ತು, ಬಡಿದು ನೋಡಿದೆ, ಠಣ್ ಎಂದಿತು. ತೊಗಟೆ ಮಾವಿನದರಂತಿತ್ತು. ತುದಿಯಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿದ್ದವು, ಬೂಷ್ಟು ಇರಬೇಕೆಂದುಕೊಂಡೆ. ನಾನೊಬ್ಬಳೇ ಆರಿಸಿ ಇಳಿಸಿಕೊಂಡ ಮೊದಲ ಲೋಡು ಎಂಬ ಹೆಮ್ಮೆಯಲ್ಲಿ ನೇರವಾಗಿ ಬೇಕರಿಗೆ ಕಳಿಸಿದೆ.

ಮೂರನೆಯ ದಿನ ಅಂತೋನ್‌ಬಾಬ್ ಡಿಪೋಗೆ ಬಂದರು. ಕಣ್ಣುಗಳು ಗೆರೆಗಳಾಗಿದ್ದವು. ತುಟಿ, ಕಿವಿ, ಕೈ ಎಲ್ಲ ಬಾತುಕೊಂಡಿದ್ದವು.

“ಬಾಯಿ, ನೋಡಿ ನನ್ನ ಮೋರೆ. ಪಾಂವ್ ಉಬ್ಬೂದು ಬಿಟ್ಟು ನಾನೇ ಉಬ್ಬಿದೆ. ಹೆಣ್ತಿ ಬಾಗಿಲು ತೆಗೀಲಿಲ್ಲ, ಯಾರು ಬೇಕು ಅಂತ ಕೇಳಿದ್ಳು.”

ನನಗೆ ನಗು ಬರಲಿಲ್ಲ. ಬೊಮ್ಮಯ್ಯ ಉಳಿದಿದ್ದ ತುಂಡೊಂದನ್ನು ಕಾಲಿನಿಂದ ಹೊರಳಿಸಿ, ಕಪ್ಪು ಗೆರೆ ನೋಡಿ, ಎತ್ತಲು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. “ಹೊಲಗೇರು,” ಎಂದರು. ಕಾಡುಗೇರು ಎಂದೂ ಅದಕ್ಕೆ ಹೆಸರು. ಅದರ ಹಾಲು ಗಾಳಿ ತಾಗಿದರೆ ಕಪ್ಪಾಗುತ್ತದೆ, ಮೈಗೆ ತಾಗಿದರೆ ಸುಡುತ್ತದೆ, ಹೊಗೆಯೂ ಅಷ್ಟೇ. ಮಾವು, ಗೇರು, ಹೊಲಗೇರು ಮೂರೂ ಒಂದೇ ಕುಟುಂಬದವೆಂದು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಕಪ್ಪಾಗುವ ರಸದ ಬಗ್ಗೆಯೂ ಬರೆದಿದ್ದೆ. ಬರೆದದ್ದು ಲಾರಿಯಿಂದ ಇಳಿದಾಗ ಗುರುತು ಸಿಗಲಿಲ್ಲ.

ಅಂತೋನ್‌ಬಾಬ್ ಬೈಯಲಿಲ್ಲ. ಮರುದಿನದಿಂದ ಅವರ ಕಟ್ಟಿಗೆ ಕಾರವಾರದಿಂದ ಬರತೊಡಗಿತು. ಬೆಳಿಗ್ಗೆ ಆ ಟೆಂಪೋ ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಜುಲೈಯಲ್ಲಿ ಮಳೆ ಹಿಡಿದುಕೊಂಡಿತು. ಕಾರವಾರದ ಕಟ್ಟಿಗೆ ನೆನೆದು ಬರುತ್ತಿತ್ತಂತೆ. ಅಂತೋನ್‌ಬಾಬ್ ಛತ್ರಿ ಮಡಚುತ್ತ ಒಳಗೆ ಬಂದು, ಸುತ್ತ ನೋಡಿ, ಮೂಲೆಯತ್ತ ಬೆರಳು ಮಾಡಿದರು.

“ಅಂಥ ಒಣ ಕಟ್ಟಿಗೆ ಕೊಟ್ರೆ ಇವತ್ತಿಂದ ಮತ್ತೆ ನಿಮ್ದೇ, ಬಾಯಿ.”

ಅದು ಮತ್ತಿ ಮತ್ತು ಜಂಬೆ, ಬೇಸಿಗೆ ಪೂರ್ತಿ ಕಂಡದ್ದು, ಡಿಪೋದಲ್ಲಿದ್ದುದರಲ್ಲೇ ಉತ್ತಮ. ಹಿಂದೆ ರಜೆಗೆ ಬಂದಾಗಲೊಮ್ಮೆ ನೀರು ಕಾಯಿಸಲು ಅದರಿಂದ ಒಂದು ತುಂಡು ಎಳೆದಾಗ ಅಪ್ಪ, “ಮೂಲೇದು ಮುಟ್ಬೇಡ,” ಎಂದಿದ್ದರು. ಯಾಕೆಂದು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮನೆಯ ಮಳೆಗಾಲಕ್ಕೆ ಎತ್ತಿಟ್ಟದ್ದು ಎಂದುಕೊಂಡಿದ್ದೆ. ಈಗ ಮನೆಯಲ್ಲಿ ಗ್ಯಾಸ್ ಬಂದಿತ್ತು. ಒಳ್ಳೆಯ ಕಟ್ಟಿಗೆ ಸುಮ್ಮನೆ ಕೂತು ಗೆದ್ದಲಿಗೆ ಆಗುವುದಕ್ಕಿಂತ ಕೈಬಿಟ್ಟ ಗಿರಾಕಿ ಮರಳುವುದು ಮೇಲಲ್ಲವೇ? ಬೊಮ್ಮಯ್ಯನನ್ನು ಕೇಳಬಹುದಿತ್ತು, ಆದರೆ ಅವರು ಭತ್ತದ ನಟ್ಟಿಗೆಂದು ಹಿಲ್ಲೂರಿಗೆ ಹೋಗಿದ್ದರು. ಮಧ್ಯಾಹ್ನದೊಳಗೆ ಮೂಲೆ ಖಾಲಿಯಾಯಿತು. ನೆಲ ಗುಡಿಸಿಸಿದೆ. ಜಾಗ ವಿಶಾಲವಾಗಿ ಕಂಡಿತು.

ನಾಲ್ಕನೆಯ ದಿನ ಬೆಳಿಗ್ಗೆ, ಒಂಬತ್ತರ ಸುಮಾರಿಗೆ, ಜೋರು ಮಳೆಯಲ್ಲಿ ಪಾರ್ವತಕ್ಕ ಬಂದಳು. ಅವಳು ನಮ್ಮ ಮನೆಗೆ ಮೀನು ಕೊಡುವವಳು. ನಾನು ಹುಟ್ಟುವ ಮೊದಲಿಂದಲೂ ಕೊಡುತ್ತಿದ್ದಳು. ಅವತ್ತು ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಹಿಂದೆ ಅವಳ ಮೈದುನ ಮತ್ತು ಒಂದು ಟೆಂಪೋ.

“ಮಾವ ಹೋದ್ರು, ಬಾಯಿ. ಬೆಳ್ಗಾಗೂ ಹೊತ್ತಿಗೆ. ಮೂಲೇದು ತೆಗೀಬೇಕು.”

ಆ ಮಾತು ನನಗೆ ತಕ್ಷಣ ಅರ್ಥವಾಗಲಿಲ್ಲ.

“ಮೂಲೆಯದು ಇಲ್ಲ, ಪಾರ್ವತಕ್ಕ. ಹೋಯ್ತು.”

ಅವಳು ಖಾಲಿ ಮೂಲೆಯನ್ನು ನೋಡಿದಳು. ಮೊಗದಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು.

“ಅಯ್ಯೋ, ಯಾರು ತೀರ್ಕಂಡ್ರು? ನಮ್ಗೆ ಗೊತ್ತೇ ಆಗ್ಲಿಲ್ಲ. ಯಾರ ಮನೇಲಿ?”

ಆ ಪ್ರಶ್ನೆಯಿಂದ ನನಗೆ ಎಲ್ಲ ತಿಳಿಯಿತು. ಮೊದಲ ಮಳೆಯಿಂದ ಮಳೆಗಾಲ ಮುಗಿಯುವವರೆಗೆ ಊರಲ್ಲಿ ಯಾರು ತೀರಿಕೊಂಡರೂ ಅವರಿಗಾಗಿ ಇಟ್ಟ ಕಟ್ಟಿಗೆ ಅದು. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಅಪ್ಪನ ದಿನವೂ ನಾನು ಒಳಗಿನ ಕೋಣೆಯಲ್ಲಿದ್ದೆ. ಕಟ್ಟಿಗೆ ಎಲ್ಲಿಂದ ಬಂತೆಂದು ಯೋಚಿಸಿರಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಡಿಪೋದ ಯಜಮಾನಿಗೆ ಗೊತ್ತಿರಲಿಲ್ಲ.

“ಯಾರೂ ಅಲ್ಲ. ಬೇಕರಿಗೆ ಕೊಟ್ಟೆ,” ಎಂದೆ.

“ಪಾಂವ್ ಸುಡೂಕಾ?” ಎಂದ ಮೈದುನ. “ನಿಮ್ಮಪ್ಪ ಇದ್ದಿದ್ರೆ...”

“ಸುಮ್ನಿರಾ ನೀನು,” ಎಂದಳು ಪಾರ್ವತಕ್ಕ. ಆಮೇಲೆ ನನ್ನ ಕಡೆ ತಿರುಗಿ, “ಈಗೇನ್ ಮಾಡುದು ಬಾಯಿ? ಮುದುಕನ್ನ ಇಟ್ಕಂಡು ಮಳೆ ನಿಲ್ಲೂದು ಕಾಯೂಕಾತದಾ?” ಎಂದು ಕೇಳಿದಳು.

ಸಂಜೆಯೊಳಗೆ ಆಗಬೇಕಿತ್ತು. ನಾನು ಅವರ ಟೆಂಪೋದಲ್ಲೇ ಬೇಕರಿಗೆ ಹೋದೆ. ನನ್ನ ಜೀವನದಲ್ಲಿ ಯಾರೆದುರೂ ಹಾಗೆ ಕೇಳಿದ್ದಿಲ್ಲ. ಆಡಿದ ಮಾತು ಸರಿಯಾಗಿ ನೆನಪಿಲ್ಲ. ಅಂತೋನ್‌ಬಾಬ್ ಹಿಟ್ಟಿನ ಕೈ ಒರೆಸಿಕೊಂಡರು.

“ಮೂಲೇದು ಅಂತ ನಂಗೂ ಗೊತ್ತಿತ್ತು, ಬಾಯಿ,” ಎಂದರು. “ನೀವು ಕೊಟ್ರಿ. ಇನ್ನೆಲ್ಲೋ ಬೇರೆ ಇಟ್ಟಿದ್ದಾರೆ ಅಂದ್ಕಂಡು ನಾನು ಬಾಯಿ ಮುಚ್ಕಂಡೆ. ತಪ್ಪು ನಂದೂ ಉಂಟು.” ಒಳಗಿನ ಕೆಲಸದವರಿಗೆ ಕೂಗಿ ಹೇಳಿದರು, “ಭಟ್ಟಿ ಆರ್ಸಿ. ನಾಳೆ ಒಂದಿನ ಪಾಂವ್ ಇಲ್ಲ ಅಂದ್ರೆ ಯಾರೂ ಸಾಯೂದಿಲ್ಲ.”

ಉಳಿದಿದ್ದು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅದಿಷ್ಟನ್ನೂ ತಾಡಪತ್ರಿ ಹೊದಿಸಿ ತಂದೆವು. ಸಾಲುವುದಿಲ್ಲವೆಂದು ಟೆಂಪೋದವನಿಗೂ ಕಾಣುತ್ತಿತ್ತು. ಉಳಿದದ್ದನ್ನು ಅಂಗಳದಲ್ಲಿ ಮಳೆಗೆ ಬಿದ್ದಿದ್ದ ರಾಶಿಯಿಂದಲೇ ಆರಿಸಬೇಕಿತ್ತು. ಬೊಮ್ಮಯ್ಯನನ್ನು ಕರೆಸಲು ಸಮಯವಿರಲಿಲ್ಲ. ಗದ್ದೆಯಲ್ಲಿದ್ದವರಿಗೆ ಫೋನು ಎಲ್ಲಿ?

ಒದ್ದೆ ರಾಶಿಯ ಎದುರು ನಿಂತಾಗ ನನ್ನ ಬಳಿ ಇದ್ದದ್ದು ಅವರ ಎರಡು ತುಂಡುಗಳ ಪಾಠ ಮಾತ್ರ. ಇವು ಎಲ್ಲವೂ ಒದ್ದೆ, ಆದರೆ ಎಲ್ಲವೂ ಹಸಿಯಲ್ಲ. ಹಿಂದಿನ ವರ್ಷ ಬಂದದ್ದು ಯಾವ ಕಡೆಯದೆಂದು ನನಗೆ ಗೊತ್ತಿತ್ತು. ತುದಿಯ ಬಿರುಕು ನೋಡಿದೆ. ಮಳೆಯ ಸದ್ದಿನಲ್ಲಿ ಠಣ್, ದೊಪ್ ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಾಗಿ ಸಂಶಯ ಬಂದದ್ದನ್ನು ಸೀಳಿಸಿದೆ, ಕೆನ್ನೆಗೆ ಒತ್ತಿಕೊಂಡೆ. ರಸ್ತೆಗೆ ಬೆನ್ನು ಹಾಕುವುದು ಅವತ್ತು ನೆನಪಾಗಲಿಲ್ಲ. ಪಾರ್ವತಕ್ಕ ನೋಡುತ್ತ ನಿಂತವಳು, ತಾನೂ ಒಂದು ಸೀಳನ್ನು ಎತ್ತಿ ಕೆನ್ನೆಗೆ ಹಿಡಿದಳು.

“ಇದು ತಂಪು,” ಎಂದು ಬಿಸಾಡಿದಳು. ಮುಂದಿನದನ್ನು ಹಿಡಿದು, “ಇದು ಅಡ್ಡಿಲ್ಲ.”

ಮೈದುನ ಮತ್ತು ಟೆಂಪೋದವನು ಆರಿಸಿದ ತುಂಡುಗಳ ಒದ್ದೆ ಮೈಯನ್ನು ಕೊಡಲಿಯಿಂದ ಕೆತ್ತಿ ತೆಗೆದರು. ಒಳಗಿನ ಒಣ ತಿರುಳು ತಾಡಪತ್ರಿಯ ಕೆಳಗೆ ಹೋಯಿತು. ಮೇಲೆ ಗಾಳಿಮರದ ತೆಳುವಾದ ಸೀಳುಗಳನ್ನು ಹಾಕಿಸಿದೆ. ಎರಡು ಗಂಟೆಗೆ ಟೆಂಪೋ ಹೊರಟಿತು. ಚಿತೆಯ ಅಡಿಯಲ್ಲಿ ಮೂಲೆಯದು, ಅದರ ಮೇಲೆ ಕೆತ್ತಿದ್ದು, ಸುತ್ತ ಗಾಳಿಮರ ಎಂದು ಎರಡು ಸಲ ಹೇಳಿದೆ. ಮೈದುನ ತಲೆಯಾಡಿಸಿದ. ಬೆಳಗಿನ ಮಾತನ್ನು ಮತ್ತೆ ಎತ್ತಲಿಲ್ಲ.

ಸ್ಮಶಾನ ಕಡಲ ದಡದ ಗಾಳಿಮರಗಳ ಆಚೆ. ಡಿಪೋದ ಹಿಂದಿನ ಕಟ್ಟೆಯಿಂದ ಆ ಮರಗಳ ತುದಿ ಕಾಣುತ್ತದೆ. ಅಲ್ಲಿ ನಿಂತೆ. ಮಳೆ ಹನಿಯಾಗಿತ್ತು. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಬಿಳಿ ಹೊಗೆ, ದಪ್ಪಗೆ, ಮರದ ತಲೆಯಲ್ಲೇ ತಂಗಿ ನಿಂತಿತು. ಬಿಳಿ ಹೊಗೆ ಎಂದರೆ ನೀರು. ಅದು ಹಾಗೇ ಉಳಿದರೆ ಬೆಂಕಿ ಸೋತಿತೆಂದು ಅರ್ಥ. ಪಾರ್ವತಕ್ಕನ ಮಾವನನ್ನು ನಾನು ಎರಡು ಮೂರು ಸಲ ನೋಡಿದ್ದೆ ಅಷ್ಟೇ; ಬಲೆ ಹೆಣೆಯುತ್ತ ಕೂತಿರುತ್ತಿದ್ದರು. ಅವತ್ತು ಅವರಿಗಾಗಿ ಬೇಡಿಕೊಂಡಷ್ಟು ನನ್ನ ಮನೆಯವರಿಗಾಗಿಯೂ ಬೇಡಿಕೊಂಡಿರಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಬಿಳಿ ತೆಳುವಾಯಿತು. ನೀಲಿಗೆ ತಿರುಗಿತು. ಕೊನೆಗೆ ಹೊಗೆಯೇ ಕಾಣದೆ, ಮರಗಳ ಮೇಲಿನ ಗಾಳಿ ಮಾತ್ರ ನಡುಗತೊಡಗಿತು. ಕತ್ತಲಾಗುವ ಮೊದಲು ಒಳಗೆ ಹೋದೆ.

ಮರುದಿನ ಅವರ್ಸಾದಲ್ಲಿ ಪಾಂವ್ ಇರಲಿಲ್ಲ. ಯಾರೂ ದೂರಲಿಲ್ಲ.

ನಟ್ಟಿ ಮುಗಿಸಿ ಬಂದ ಬೊಮ್ಮಯ್ಯ ಖಾಲಿ ಮೂಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತರು. ವಿಷಯ ಅವರಿಗೆ ಬಸ್ಸಿನಲ್ಲೇ ತಿಳಿದಿತ್ತು.

“ಗೊತ್ತಿದ್ದೀತು ಅಂದ್ಕಂಡೆ, ತಂಗಿ. ಯಜಮಾನ್ರು ಹೇಳಿದ್ದಾರು ಅಂದ್ಕಂಡೆ.” ಅವರು ನನ್ನನ್ನು ತಂಗಿ ಎಂದದ್ದು ಅದೇ ಮೊದಲು. “ಇದ್ಕೆ ರೇಟಿಲ್ಲ. ತೆಕಂಡ ಮನೆಯವ್ರು ಮುಂದಿನ ಬೇಸಿಗೇಲಿ ಅಷ್ಟೇ ಕಟ್ಟಿಗೆ ತಂದು ಇಲ್ಲಿ ಒಟ್ಟೂದು. ಮಳೆಗಾಲದೊಳ್ಗೆ ಮೂಲೆ ತುಂಬ್ಬೇಕು. ಅಷ್ಟೇಯ.”

“ಅಪ್ಪನಿಗೂ ಇದನ್ನೇ ತೆಗೆದದ್ದಾ?”

“ಮತ್ತೆ? ಭಾದ್ರಪದದಲ್ಲಿ ಒಣ ಕಟ್ಟಿಗೆ ಇನ್ನೆಲ್ಲಿ?”

“ಆಮೇಲೆ ತುಂಬಿಸಿದ್ದು ಯಾರು? ನಾನಂತೂ ತುಂಬಿಸಲಿಲ್ಲ.”

ಅವರು ಕೊಡಲಿಯ ಅಲಗನ್ನು ಹೆಬ್ಬೆರಳಲ್ಲಿ ಸವರಿ ನೋಡಿದರು.

“ಯಾರಾದ್ರೂ ತುಂಬ್ಬೇಕಲ್ಲ. ಹಿಲ್ಲೂರಲ್ಲಿ ನಮ್ಮ ಹುಲ್ಲು ಬೇಣದ ಮತ್ತಿ ಬಿದ್ದಿತ್ತು. ನೀವು ಆಗ ಪರೀಕ್ಷೆ ಬರೀತಿದ್ರಿ.”

ಹೇಳಬೇಕಾದದ್ದನ್ನು ಆಗಲೇ ಹೇಳುವ ಅಭ್ಯಾಸ ನನಗಿಲ್ಲ. ಈಗ ಇಲ್ಲಿ ಬರೆದಿದ್ದೇನೆ.

ಮುಂದಿನ ಮಾರ್ಚಿನಲ್ಲಿ ಪಾರ್ವತಕ್ಕ ಬಂದಳು. ಮೀನಿನ ಬುಟ್ಟಿ ಹೊರುವ ತಲೆಯ ಮೇಲೆ ಕಟ್ಟಿಗೆಯ ಹೊರೆ. ಅವಳ ಹಿಂದೆ ಮೈದುನ ಇನ್ನೊಂದು ಹೊರೆ ಹೊತ್ತಿದ್ದ. ಮೂರು ದಿನ ತಂದು ಹಾಕಿದರು. ನನಗೆ ತಡೆಯಲಾಗಲಿಲ್ಲ.

“ನಿಮಗೆ ನಾನು ಕೊಟ್ಟದ್ದೇ ಅರ್ಧ, ಪಾರ್ವತಕ್ಕ. ಅದೂ ಒದ್ದೆ. ಇದನ್ನು ತೆಗೆದುಕೊಳ್ಳಲು ನನಗೆ ಮುಖವಿಲ್ಲ.”

ಅವಳು ಹೊರೆಯ ಹಗ್ಗ ಬಿಚ್ಚುತ್ತ, ನನ್ನ ಕಡೆ ನೋಡದೆ ಹೇಳಿದಳು: “ನಿಮ್ಗೆ ಯಾರು ಕೊಟ್ರು ಬಾಯಿ? ಇದು ಮೂಲೆಗೆ.” ಆಮೇಲೆ ಒಂದು ತುಂಡನ್ನು ಕೆನ್ನೆಗೆ ಒತ್ತಿ ತೋರಿಸಿ, ಅಷ್ಟು ತಿಂಗಳಲ್ಲಿ ಮೊದಲ ಸಲ ನಕ್ಕಳು. “ತಂಪಿಲ್ಲ. ನೋಡ್ಕಳಿ.”

ಅಂತೋನ್‌ಬಾಬ್ ನಮ್ಮ ಗಿರಾಕಿಯಾಗಿಯೇ ಉಳಿದರು, ಡೀಸೆಲ್ ಭಟ್ಟಿ ಬರುವವರೆಗೆ. ಪ್ರತಿ ಲೋಡಿನಲ್ಲೂ ಒಂದು ತುಂಡು ಎತ್ತಿ, “ನನ್ನ ಮೋರೆ ಹೀಗೇ ಉಳೀತದಲ್ಲಾ, ಬಾಯಿ?” ಎಂದು ಕೇಳಿಯೇ ಇಳಿಸುತ್ತಿದ್ದರು. ಕಾಲ ಬದಲಾಯಿತು. ಕೊಡಲಿಯ ಜಾಗಕ್ಕೆ ಯಂತ್ರದ ಗರಗಸ ಬಂತು. ಮಲ್ಲಾಪುರದ ಅಣುಸ್ಥಾವರದ ಕ್ವಾರ್ಟರ್ಸಿನಿಂದ ಹೊಸ ಗಿರಾಕಿಗಳು ಬಂದರು. ಉತ್ತರದ ಕಡೆಯವರು ಹೋಮಕ್ಕೆ ಮಾವಿನದೇ ಬೇಕೆನ್ನುತ್ತಿದ್ದರು. ಒಬ್ಬ ಮೇಡಂ ಎಲ್ಲ ತುಂಡುಗಳೂ ಒಂದೇ ಅಳತೆಯಲ್ಲಿರಬೇಕೆಂದು ಪಟ್ಟಿ ಹಿಡಿದು ಬರುತ್ತಿದ್ದರು. ಮನೆಗಳ ಕಟ್ಟಿಗೆ ಒಲೆಗಳು ಕಡಿಮೆಯಾದವು. ಮೂಲೆ ಮಾತ್ರ ಎಂಟು ವರ್ಷವೂ ಮಳೆಗೆ ಮೊದಲು ತುಂಬಿತ್ತು, ಚೌತಿಯ ಹೊತ್ತಿಗೆ ಕೆಲವೊಮ್ಮೆ ಅರ್ಧವಾಗಿತ್ತು. ತುಂಬಿದವರ ಹೆಸರು ಎಲ್ಲೂ ಬರೆದಿಲ್ಲ.

ಒಂದು ಪಾಲು ಬಾಕಿಯಿತ್ತು, ಅದು ನನ್ನದು. ಅಪ್ಪನಿಗಾಗಿ ನಾನು ಒಟ್ಟಬೇಕಾದದ್ದನ್ನು ಬೊಮ್ಮಯ್ಯ ಒಟ್ಟಿದ್ದರು. ಈ ವರ್ಷ ಬಿಡುವ ಮೊದಲು ಮೇಲಿನ ಎರಡು ಸಾಲು ಮತ್ತಿಯನ್ನು ನಾನೇ ಆರಿಸಿ, ಒಂದು ಬೇಸಿಗೆ ಒಣಗಿಸಿ ಇಟ್ಟೆ. ಬೊಮ್ಮಯ್ಯನಿಗೆ ಈಗ ಕಣ್ಣಿಗೆ ಪೊರೆ ಬಂದಿದೆ, ಕೊಡಲಿ ಬಿಟ್ಟು ಹಿಲ್ಲೂರಿನಲ್ಲಿದ್ದಾರೆ. ಹೇಳಿಕಳಿಸಿದೆ, ಬಸ್ಸಿನಲ್ಲಿ ಬಂದರು. ಕಣ್ಣು ಮುಚ್ಚಿಕೊಂಡೇ ಒಂದು ತುಂಡಿನಿಂದ ಸಾಲಿನುದ್ದಕ್ಕೂ ಬಡಿಯುತ್ತ ಹೋದರು. ಠಣ್, ಠಣ್, ಠಣ್. ಕೊನೆಯ ಹತ್ತಿರ ನಿಂತರು. ಒಂದನ್ನು ಎಳೆದು ತೆಗೆದು ನನ್ನ ಕೈಗಿಟ್ಟರು.

“ಇದು ಇನ್ನೂ ಹಸಿ, ಅಕ್ಕೋರೇ.”

ಸುಮಿತ್ರಾ, ಮೇಲಿನ ಸಾಲಿನಲ್ಲಿ ಒಂದು ತುಂಡಿನಷ್ಟು ಜಾಗ ಖಾಲಿ ಕಾಣುವುದು ಅದಕ್ಕೇ. ಆ ತುಂಡು ಹಿಂದಿನ ಕಟ್ಟೆಯ ಮೇಲೆ ಬಿಸಿಲಿಗಿದೆ. ಮಳೆ ಬರುವಾಗ ಒಳಗೆ ತೆಗೆದಿಡು. ಬರುವ ಮಾರ್ಚಿನಲ್ಲಿ ಬಡಿದು ನೋಡಿ, ಕೆನ್ನೆಗೆ ಹಿಡಿದು ನೋಡಿ, ಅದರ ಜಾಗದಲ್ಲಿ ಇಡು.